‘ಸರ್ಕಾರದ ಮೇಲೆ ನಂಬಿಕೆ ಇದೆಯೇ?’: 1200 ಜನರ ಸಮೀಕ್ಷೆಗೆ ಪ್ರಶ್ನೆ ಹೇಗಿರಬೇಕು, ಯಾರನ್ನು ಕೇಳಬೇಕು

ಕಣಜ

ಜನರಿಗೆ ಸರ್ಕಾರದ ಮೇಲೆ ಎಷ್ಟು ನಂಬಿಕೆ ಇದೆ, ಮುಂದಿನ ದಿನಗಳ ಬಗ್ಗೆ ಎಷ್ಟು ಧೈರ್ಯ ಇದೆ ಎಂದು ಅಳೆಯುವ ಸಮೀಕ್ಷೆಗೆ ಕನ್ನಡದಲ್ಲಿ ಪ್ರಶ್ನಾವಳಿ ಆಗಬೇಕಿದೆ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಈ ನಾಲ್ಕೂ ಕಂದಾಯ ವಿಭಾಗಗಳಿಂದ ತಲಾ 300ರಂತೆ ಒಟ್ಟು 1200 ಜನ. ಮನೆಗೆ ಹೋಗಿ ಮುಖತಃ ಕೇಳುವುದು. ಈಗಿನ ಲೆಕ್ಕದಲ್ಲಿ 40 ಮತಗಟ್ಟೆ, ಒಂದೊಂದರಲ್ಲಿ 30 ಜನ. ಮುಂದಿನ ವರ್ಷ ಇದನ್ನೇ ಮತ್ತೆ ಮಾಡಿ ಹೋಲಿಸಬೇಕು ಎಂಬ ಉದ್ದೇಶವೂ ಇದೆ. ಕರಡು ಪ್ರಶ್ನೆಗಳು ಇವು:

1. ಸರ್ಕಾರದ ಯೋಜನೆಗಳ ಲಾಭ ನಿಮಗೆ ಸಿಕ್ಕಿದೆಯೇ?
2. ನಿಮಗೆ ಸರ್ಕಾರದ ಮೇಲೆ ನಂಬಿಕೆ ಇದೆಯೇ? (ಇದೆ / ಇಲ್ಲ)
3. ಭವಿಷ್ಯದ ಬಗ್ಗೆ ನಿಮಗೆ ಭರವಸೆ ಇದೆಯೇ? (ಇದೆ / ಇಲ್ಲ)
4. ನಿಮ್ಮ ಮಕ್ಕಳ ಬದುಕು ನಿಮಗಿಂತ ಚೆನ್ನಾಗಿರುತ್ತದೆ, ಅದಕ್ಕೆ ಸರ್ಕಾರದ ಕೆಲಸವೇ ಕಾರಣ ಎಂಬ ಮಾತನ್ನು ಒಪ್ಪುತ್ತೀರಾ?

ತಪ್ಪು ಎಲ್ಲಿದೆ ಎಂದು ತಿಳಿದವರು ನೇರವಾಗಿ ಹೇಳಿ.

ಗಣಕಿ

ಮೊದಲ ತೊಡಕು ‘ಸರ್ಕಾರ’ ಎಂಬ ಪದ. ಕೇಳುವವರ ಮನಸ್ಸಿನಲ್ಲಿ ವಿಧಾನಸೌಧ ಇರುತ್ತದೆ. ಉತ್ತರ ಕೊಡುವವರ ಮನಸ್ಸಿನಲ್ಲಿ ದೆಹಲಿ ಇರಬಹುದು, ಗ್ರಾಮ ಪಂಚಾಯಿತಿ ಇರಬಹುದು, ಮೊನ್ನೆ ಪಹಣಿ ತಿದ್ದುಪಡಿಗೆ ಅಲೆದ ನಾಡಕಚೇರಿಯೂ ಇರಬಹುದು. ಹಾಗಾದಾಗ 1200 ಜನ ಉತ್ತರ ಕೊಟ್ಟಿದ್ದು ಒಂದೇ ಪ್ರಶ್ನೆಗಲ್ಲ, ನಾಲ್ಕು ಬೇರೆ ಬೇರೆ ಪ್ರಶ್ನೆಗಳಿಗೆ. ಅವನ್ನೆಲ್ಲ ಕೂಡಿಸಿ ತೆಗೆದ ಶೇಕಡಾವಾರು ಯಾವುದರ ಬಗ್ಗೆ ಎಂದು ಯಾರೂ ಹೇಳಲಾರರು.

ಯೋಜನೆಗಳ ವಿಷಯಕ್ಕೆ ಬಂದರೆ ಗೊಂದಲ ಇನ್ನೂ ಹೆಚ್ಚು. ಗೃಹಲಕ್ಷ್ಮಿಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ಅದು ರಾಜ್ಯದ್ದು. ಪಿಎಂ-ಕಿಸಾನ್‌ನಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತಿನಲ್ಲಿ, ಅಂದರೆ ಕಂತಿಗೆ ಅದೇ 2,000, ಅದು ಕೇಂದ್ರದ್ದು. ಎರಡೂ ನೇರ ಬ್ಯಾಂಕ್ ಖಾತೆಗೆ. ‘ಎರಡು ಸಾವಿರ ಬಂತು’ ಎನ್ನುವವರನ್ನು ಯಾವ ಸರ್ಕಾರದ ಲೆಕ್ಕಕ್ಕೆ ಹಾಕುತ್ತೀರಿ? ಯೋಜನೆಯ ಹೆಸರು ಹಿಡಿದು ಕೇಳಬೇಕು, ಹಣ ಯಾರ ಖಾತೆಗೆ ಬಂತು ಎಂದೂ ಕೇಳಬೇಕು.

ಪರಿಹಾರ ಕಷ್ಟವಿಲ್ಲ. ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿ: ‘ದೆಹಲಿಯಲ್ಲಿರುವ ಕೇಂದ್ರ ಸರ್ಕಾರ’, ‘ಬೆಂಗಳೂರಿನಲ್ಲಿರುವ ರಾಜ್ಯ ಸರ್ಕಾರ’, ‘ನಿಮ್ಮ ಪಂಚಾಯಿತಿ’ (ಪಟ್ಟಣವಾದರೆ ‘ನಿಮ್ಮ ನಗರಸಭೆ’). ಊರಿನ ಹೆಸರು ಸೇರಿಸಿದರೆ ಓದು ಕಡಿಮೆ ಇರುವವರಿಗೂ ಬೇಗ ತಿಳಿಯುತ್ತದೆ. ಸಂಸ್ಥೆಗಳನ್ನೂ ಬೇರೆಬೇರೆಯಾಗಿ ಕೇಳಿ: ನ್ಯಾಯಾಲಯ, ಪೊಲೀಸ್, ಚುನಾವಣಾ ಆಯೋಗ, ಪಕ್ಷಗಳು, ಸೇನೆ. ದೆಹಲಿಯ ಸಂಶೋಧನಾ ತಂಡ ಲೋಕನೀತಿಯ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿರುವ ಚಿತ್ರ ಇದು: ಸೇನೆ, ನ್ಯಾಯಾಲಯ ಮೇಲಿನ ಸಾಲಿನಲ್ಲಿ, ಪೊಲೀಸ್ ಮತ್ತು ಪಕ್ಷಗಳು ತೀರಾ ಕೆಳಗೆ. ನಿಮ್ಮ ಅಂಕಿಗಳಲ್ಲಿ ಈ ಏರಿಳಿತವೇ ಕಾಣದೆ ಎಲ್ಲಕ್ಕೂ ಒಂದೇ ಉತ್ತರ ಬಂದಿದ್ದರೆ, ಸಂದರ್ಶಕರು ಸಾಲುಗಳನ್ನು ಬೇಗಬೇಗ ಓದಿ ಗುರುತು ಹಾಕಿದ್ದಾರೆ ಎಂದು ಅನುಮಾನಪಡಬೇಕು.

ನಾಲ್ಕನೇ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಮಕ್ಕಳು ಚೆನ್ನಾಗಿರುತ್ತಾರೆ, ಆದರೆ ಅದು ನಮ್ಮ ದುಡಿಮೆಯಿಂದ ಎನ್ನುವವರು ಏನು ಹೇಳಬೇಕು? ಒಡೆಯಿರಿ. ‘ಒಪ್ಪುತ್ತೀರಾ’ ಎಂಬ ರೂಪವನ್ನೂ ಬಿಡಿ. ಮನೆಗೆ ಬಂದವರ ಮಾತಿಗೆ ಇಲ್ಲ ಎನ್ನುವುದು ನಮ್ಮಲ್ಲಿ ಸಲ್ಲದು, ಹೂಂ ಎಂದುಬಿಡುತ್ತಾರೆ.

ನುಡಿಗಟ್ಟು

ಗಣಕಿ ಅವರು ‘ಸರ್ಕಾರ’ವನ್ನು ಬಿಡಿಸಿದರು. ಉಳಿದ ಎರಡು ಪದಗಳೂ ಅಷ್ಟೇ ತೊಡಕಿನವು.

‘ನಂಬಿಕೆ’ ಎಂದರೆ ದೇವರ ಮೇಲಿನದ್ದೂ ಹೌದು, ಒಂದು ಸಂಗತಿ ನಿಜವೆಂದು ಒಪ್ಪುವುದೂ ಹೌದು. ‘ಸರ್ಕಾರದ ಮೇಲೆ ನಂಬಿಕೆ ಇದೆಯೇ’ ಎಂದಾಗ ಕೆಲವರಿಗೆ ಅದು ನಿಷ್ಠೆಯ ಪ್ರಶ್ನೆಯಾಗಿ ಕೇಳುತ್ತದೆ, ಇಲ್ಲ ಎಂದರೆ ದ್ರೋಹವಾಗುತ್ತದೇನೋ ಎಂಬ ಅಳುಕು ಬರುತ್ತದೆ. ‘ವಿಶ್ವಾಸ’ ಎಂದರೆ ‘ಪ್ರೀತಿ ವಿಶ್ವಾಸ’ದ ವಿಶ್ವಾಸ, ಇನ್ನೊಂದು ಕಡೆ ‘ಅವಿಶ್ವಾಸ ನಿರ್ಣಯ’ದ ವಿಶ್ವಾಸ. ಪತ್ರಿಕೆ ಓದುವವರಿಗೆ ಎರಡನೆಯದು ಮೊದಲು ಹೊಳೆಯುತ್ತದೆ.

ಎಲ್ಲಕ್ಕಿಂತ ಅಪಾಯದ್ದು ‘ಭರವಸೆ’. ಅದು ನಾಳೆಯ ಬಗೆಗಿನ ಆಸೆಯೂ ಹೌದು, ನಾಯಕರು ಚುನಾವಣೆಯಲ್ಲಿ ಕೊಡುವ ಮಾತೂ ಹೌದು. ‘ಭವಿಷ್ಯದ ಬಗ್ಗೆ ಭರವಸೆ ಇದೆಯೇ’ ಎಂದರೆ ‘ಯಾರೂ ಏನೂ ಭರವಸೆ ಕೊಟ್ಟಿಲ್ಲ’ ಎಂಬ ಉತ್ತರವೂ ಬರಬಹುದು. ಅದನ್ನು ‘ಇಲ್ಲ’ ಎಂದು ಗುರುತು ಹಾಕಿಕೊಂಡರೆ ನಿಮ್ಮ ಕಡತದಲ್ಲಿ ಒಬ್ಬ ನಿರಾಶಾವಾದಿ ಹೆಚ್ಚಾದಂತೆ. ಆತ ಹೇಳಿದ್ದು ಅದಲ್ಲವೇ ಅಲ್ಲ. ‘ಭವಿಷ್ಯ’ವೂ ಹಾಗೆಯೇ, ಭವಿಷ್ಯ ಹೇಳುವವರ ಕಡೆಗೆ ಎಳೆಯುತ್ತದೆ. ‘ಮುಂದಿನ ದಿನಗಳು’ ಅನ್ನಿ. ಅದಕ್ಕಿಂತ ಒಳ್ಳೆಯದು ಕಾಲ ಹೇಳುವುದು: ‘ಇನ್ನು ಐದು ವರ್ಷಕ್ಕೆ’.

ಭಾವನಾಮವನ್ನು ಬಿಟ್ಟು ಕ್ರಿಯಾಪದಕ್ಕೆ ಬನ್ನಿ, ಅರ್ಧ ತೊಂದರೆ ಹೋಗುತ್ತದೆ. ‘ರಾಜ್ಯ ಸರ್ಕಾರ ಸರಿಯಾದದ್ದನ್ನೇ ಮಾಡುತ್ತದೆ ಎಂದು ನೀವು ಎಷ್ಟರಮಟ್ಟಿಗೆ ನಂಬುತ್ತೀರಿ? ಪೂರ್ತಿ ನಂಬುತ್ತೀರೋ, ಸ್ವಲ್ಪಮಟ್ಟಿಗೆ ನಂಬುತ್ತೀರೋ, ಹೆಚ್ಚು ನಂಬುವುದಿಲ್ಲವೋ, ಒಂಚೂರೂ ನಂಬುವುದಿಲ್ಲವೋ?’ ನಾಲ್ಕೂ ಪ್ರಶ್ನೆಯೊಳಗೇ ಇರಬೇಕು, ಓದಿ ಹೇಳಬೇಕು. ‘ಸ್ವಲ್ಪಮಟ್ಟಿಗೆ’ ಎಂಬುದನ್ನು ಕಡಿಮೆ ಎಂದು ಕೇಳಿಸಿಕೊಳ್ಳುವವರೂ ಇರುತ್ತಾರೆ, ಅದಕ್ಕೇ ‘ತಕ್ಕಮಟ್ಟಿಗೆ’ ಎಂಬುದನ್ನೂ ಪರೀಕ್ಷಿಸಿ ನೋಡಿ.

ಭೀಮಾತೀರ

ಉತ್ತರದ ಕಡೆಯ ಒಂದು ಮಾತು. ‘ಪರವಾಗಿಲ್ಲ’ ಎಂಬ ಉತ್ತರವನ್ನು ಎಲ್ಲಿ ಹಾಕಬೇಕೆಂದು ಮೊದಲೇ ಬರೆದಿಡಿ. ಬೆಂಗಳೂರು-ಮೈಸೂರಿನ ಕಡೆ ಅದು ಬಹಳ ಸಲ ‘ಚೆನ್ನಾಗಿಯೇ ಇದೆ’ ಎಂಬ ಮೆಚ್ಚುಗೆ. ದನಿ ಇಳಿಸಿ ಹೇಳಿದರೆ ‘ಸಹಿಸಿಕೊಂಡಿದ್ದೇವೆ’. ನಮ್ಮ ಕಡೆ ‘ನಡದದ ನೋಡ್ರಿ’ ಎಂಬುದೂ ಹಾಗೇ. ಸಂದರ್ಶಕರು ತಮ್ಮ ಊಹೆಯಂತೆ ಗುರುತು ಹಾಕಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ ಆಗುತ್ತದೆ. ನಿಯಮ ಒಂದೇ ಇರಲಿ: ನಾಲ್ಕೂ ಆಯ್ಕೆಗಳನ್ನು ಇನ್ನೊಮ್ಮೆ ಓದಿ ‘ಇದರಾಗ ಯಾವುದು’ ಎಂದು ಕೇಳುವುದು. ಆಮೇಲೂ ‘ಪರವಾಗಿಲ್ಲ’ ಎಂದರೆ ಆ ಮಾತನ್ನೇ ಬರೆದುಕೊಳ್ಳುವುದು, ನಾಲ್ಕರಲ್ಲಿ ಯಾವ ಆಯ್ಕೆಗೂ ತಳ್ಳಬಾರದು.

ಕಲಬುರಗಿ ವಿಭಾಗದಲ್ಲಿ ಪ್ರಶ್ನಾವಳಿಯ ಕನ್ನಡ ಗ್ರಂಥದ ಕನ್ನಡ ಆಗಬಾರದು. ಜೊತೆಗೆ ಉರ್ದು, ಲಂಬಾಣಿ, ತೆಲುಗು, ಗಡಿಯಲ್ಲಿ ಮರಾಠಿ. ಕರಾವಳಿಗೆ ಹೋದರೆ ತುಳು, ಕೊಂಕಣಿ, ಬ್ಯಾರಿ. ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಅನುವಾದ ಮಾಡಿಕೊಳ್ಳಲು ಬಿಡಬೇಡಿ. ಒಬ್ಬರು ಆ ಭಾಷೆಗೆ ತಂದಿದ್ದನ್ನು ಮೂಲ ನೋಡದ ಇನ್ನೊಬ್ಬರು ಕನ್ನಡಕ್ಕೆ ತರಬೇಕು. ಎರಡು ಕನ್ನಡ ಪಾಠಗಳನ್ನು ಪಕ್ಕದಲ್ಲಿಟ್ಟರೆ ಎಲ್ಲಿ ಜಾರಿದೆ ಎಂದು ಕಾಣುತ್ತದೆ.

ಎಣಿಕೆ

ಪ್ರಶ್ನೆ ಎಷ್ಟು ಚೆನ್ನಾಗಿದ್ದರೂ ಜನರ ಆಯ್ಕೆ ಕೆಟ್ಟರೆ ಮುಗಿಯಿತು. ಅಮೆರಿಕದಲ್ಲಿ 1936ರ ಅಧ್ಯಕ್ಷೀಯ ಚುನಾವಣೆಗೆ ‘ಲಿಟರರಿ ಡೈಜೆಸ್ಟ್’ ಪತ್ರಿಕೆಗೆ 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದಿದ್ದವು. ಅದು ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು, ಗೆದ್ದದ್ದು ರೂಸ್‌ವೆಲ್ಟ್. ಅದಕ್ಕಿಂತ ಎಷ್ಟೋ ಚಿಕ್ಕ ಮಾದರಿಯಿಂದ ಸಮೀಕ್ಷಕ ಜಾರ್ಜ್ ಗ್ಯಾಲಪ್ ಸರಿಯಾಗಿ ಹೇಳಿದರು. ಆದ್ದರಿಂದ 1200 ಸಾಕೇ ಎಂಬ ಚಿಂತೆ ಬೇಡ, ಆ 1200 ಯಾರು ಎಂಬ ಚಿಂತೆ ಇರಲಿ.

40 ಮತಗಟ್ಟೆ, ತಲಾ 30 ಎಂಬ ಲೆಕ್ಕ ತಪ್ಪು. ಒಂದೇ ಊರಿನವರ ಉತ್ತರಗಳು ಒಂದರಂತೆ ಒಂದಿರುತ್ತವೆ: ಒಂದೇ ರಸ್ತೆ, ಒಂದೇ ನೀರು, ಒಂದೇ ಪಂಚಾಯಿತಿ. ಮೂವತ್ತನೆಯವರು ಹೊಸದಾಗಿ ತಿಳಿಸುವುದು ಬಹಳ ಕಡಿಮೆ. ಇದನ್ನು ಅಳೆಯುವ ಸೂತ್ರ ಸರಳ: ಒಂದು ಕಡೆ ಕೇಳುವ ಜನರ ಸಂಖ್ಯೆಯಿಂದ 1 ಕಳೆದು, ಊರೊಳಗಿನ ಹೋಲಿಕೆಯ ಅಂಕದಿಂದ ಗುಣಿಸಿ, 1 ಕೂಡಿಸಿ. ಹೋಲಿಕೆಯ ಅಂಕ (0 ಎಂದರೆ ಹೋಲಿಕೆಯೇ ಇಲ್ಲ, 1 ಎಂದರೆ ಊರಿನ ಎಲ್ಲರದ್ದೂ ಒಂದೇ ಉತ್ತರ) 0.05 ಎಂದು ಇಟ್ಟುಕೊಳ್ಳೋಣ. ತಲಾ 30 ಆದರೆ ಬರುವುದು 2.45. 1200ನ್ನು 2.45ರಿಂದ ಭಾಗಿಸಿದರೆ 490. ಅಂದರೆ ನೀವು 1200 ಮನೆ ಸುತ್ತಿದರೂ ಕೈಗೆ ಸಿಕ್ಕಿದ್ದು 490 ಜನರ ಬೆಲೆ. ದೋಷಮಿತಿ, ಅಂದರೆ ಬಂದ ಶೇಕಡಾ ನಿಜದಿಂದ ಎಷ್ಟು ಅಂಶ ಆಚೀಚೆ ಇರಬಹುದು ಎಂಬ ಅಂದಾಜು, ±2.8 ಅಲ್ಲ, ±4.4. ಅದೇ 100 ಮತಗಟ್ಟೆ, ತಲಾ 12 ಆದರೆ 1.55 ಬರುತ್ತದೆ. ಬೆಲೆ 774 ಜನರದ್ದು, ದೋಷಮಿತಿ ±3.5. ಪ್ರಯಾಣದ ಖರ್ಚು ಏರುತ್ತದೆ, ಆದರೆ ಈ ಹಣ ಎಲ್ಲಕ್ಕಿಂತ ಚೆನ್ನಾಗಿ ಖರ್ಚಾದ ಹಣ.

ವಿಭಾಗಕ್ಕೆ 300 ಎಂದಿರುವುದರಿಂದ ವಿಭಾಗವಾರು ಅಂಕಿಯೂ ಬೇಕು ಎಂದುಕೊಳ್ಳುತ್ತೇನೆ. 25 ಮತಗಟ್ಟೆ, ತಲಾ 12 ಇಟ್ಟರೂ ಒಂದು ವಿಭಾಗದ ದೋಷಮಿತಿ ±7. ಬೆಳಗಾವಿಯಲ್ಲಿ 54, ಕಲಬುರಗಿಯಲ್ಲಿ 49 ಬಂದರೆ ‘ಕಲಬುರಗಿಯವರ ನಂಬಿಕೆ ಕಡಿಮೆ’ ಎಂದು ಬರೆಯಲು ಬರುವುದಿಲ್ಲ. ಜಿಲ್ಲಾವಾರು ಅಂಕಿಯಂತೂ ಕೊಡಲೇಬಾರದು. 31 ಜಿಲ್ಲೆಗೆ ಹಂಚಿದರೆ ಜಿಲ್ಲೆಗೆ ನಲವತ್ತರ ಆಸುಪಾಸು ಜನ.

ಆಯ್ಕೆಯ ಕ್ರಮ: ವಿಭಾಗದ ಎಲ್ಲ ಮತಗಟ್ಟೆಗಳನ್ನು ಜಿಲ್ಲೆ, ಕ್ಷೇತ್ರ, ಭಾಗ ಸಂಖ್ಯೆಯ (ಮತದಾರರ ಪಟ್ಟಿಯಲ್ಲಿ ಮತಗಟ್ಟೆಗೆ ಇರುವ ಸಂಖ್ಯೆ) ಪ್ರಕಾರ ಸಾಲಾಗಿ ಬರೆಯಿರಿ. ಪಕ್ಕದಲ್ಲಿ ಮತದಾರರ ಸಂಖ್ಯೆ, ಅದರ ಪಕ್ಕದಲ್ಲಿ ಅಲ್ಲಿಯವರೆಗಿನ ಮೊತ್ತ. ಒಟ್ಟು 1 ಕೋಟಿ ಇದ್ದರೆ 25ರಿಂದ ಭಾಗಿಸಿ, ಅಂತರ 4 ಲಕ್ಷ. 1ರಿಂದ 4 ಲಕ್ಷದೊಳಗೆ ಒಂದು ಅಂಕಿಯನ್ನು ಚೀಟಿ ಎತ್ತಿದಂತೆ ಎತ್ತಿಕೊಳ್ಳಿ, 1,37,250 ಬಂತು ಎನ್ನೋಣ. ಆ ಮೊತ್ತ ಬೀಳುವ ಮತಗಟ್ಟೆ ಮೊದಲನೆಯದು, 5,37,250 ಬೀಳುವುದು ಎರಡನೆಯದು, ಹೀಗೆ 25. ದೊಡ್ಡ ಮತಗಟ್ಟೆಗೆ ಹೆಚ್ಚು ಅವಕಾಶ ತಾನಾಗಿ ಸಿಗುತ್ತದೆ.

ಮತಗಟ್ಟೆಯ ಒಳಗೂ ಅದೇ ಕ್ರಮ. ಮತದಾರರ ಪಟ್ಟಿಯಲ್ಲಿ 960 ಹೆಸರಿದ್ದರೆ, ಬೇಕಿರುವುದು 12 ಆದರೂ 20 ಹೆಸರು ತೆಗೆಯಿರಿ. ಅಂತರ 48. ಶುರು 31 ಬಂದರೆ 31, 79, 127 ಹೀಗೆ. ಪಟ್ಟಿಯಲ್ಲಿ ತೀರಿಕೊಂಡವರಿರುತ್ತಾರೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿರುತ್ತಾರೆ, ಬೆಂಗಳೂರಿಗೋ ಗೋವಾಕ್ಕೋ ದುಡಿಯಲು ಹೋದವರಿರುತ್ತಾರೆ. 20ಕ್ಕೆ 12 ಸಿಗುವುದೇ ಎಂದು ಪ್ರಾಯೋಗಿಕ ಹಂತದಲ್ಲಿ ನೋಡಿ ಸಂಖ್ಯೆ ಸರಿಪಡಿಸಿಕೊಳ್ಳಿ.

ಎರಡು ಕಟ್ಟುನಿಟ್ಟು. ಹೆಸರಿನವರು ಸಿಗದಿದ್ದರೆ ಪಕ್ಕದ ಮನೆಯವರನ್ನು ಹಿಡಿಯಬಾರದು. 12 ಆದ ಕೂಡಲೇ ನಿಲ್ಲಿಸಲೂಬಾರದು: 20 ಹೆಸರಿಗೂ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಬೇಕು, 14 ಸಿಕ್ಕರೆ 14ನ್ನೂ ಇಟ್ಟುಕೊಳ್ಳಬೇಕು. ಮೊದಲು ಸಿಕ್ಕ ಹನ್ನೆರಡು ಜನ ಎಂದರೆ ಹಗಲಲ್ಲಿ ಮನೆಯಲ್ಲಿರುವ ಹನ್ನೆರಡು ಜನ. ಕೂಲಿಗೆ ಹೋದವರು, ಗಾರ್ಮೆಂಟ್ಸ್ ಪಾಳಿಯಲ್ಲಿರುವವರು ಲೆಕ್ಕದಿಂದಲೇ ಹೊರಗುಳಿಯುತ್ತಾರೆ.

ಕರಾವಳಿಗ

ಇಷ್ಟೆಲ್ಲ ಸುತ್ತುವ ಬದಲು ಫೋನಿನಲ್ಲಿ ಕೇಳಿದರೆ ಆಗದೇ? ಮತಗಟ್ಟೆಯ ಒಟ್ಟು ಗೋಜಲೇ ಇರುವುದಿಲ್ಲ. ಯಾವುದೋ ಸಂಖ್ಯೆಗೆ ಹೊಡೆದರೆ ಯಾವುದೋ ಊರು ಬರುತ್ತದೆ, ಒಂದೇ ಊರಿನ ಹೋಲಿಕೆಯ ಸಮಸ್ಯೆಯೂ ಇಲ್ಲ. ಯಾರೂ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವುದಿಲ್ಲ.

ಎಣಿಕೆ

ಊರಿನ ಹೋಲಿಕೆಯ ಬಗ್ಗೆ ನೀವು ಹೇಳಿದ್ದು ಸರಿ, ಅದು ಫೋನಿನ ನಿಜವಾದ ಲಾಭ. ಆದರೆ ಅಪರಿಚಿತ ಸಂಖ್ಯೆಯ ಕರೆ ಎತ್ತುವವರು ಯಾರು? ಎತ್ತಿ, ಸರ್ಕಾರದ ಬಗ್ಗೆ ಹತ್ತು ನಿಮಿಷ ಮಾತಾಡಲು ಒಪ್ಪುವವರು ಯಾರು? ಒಟಿಪಿ ವಂಚನೆಗೆ ಹೆದರಿರುವ ಜನ ಹೆಸರು ಕೇಳಿದ ಕೂಡಲೇ ಇಡುತ್ತಾರೆ. ನಂಬಿಕೆಯನ್ನು ಅಳೆಯಲು ಹೊರಟಾಗ ಇದು ಬರೀ ಸಂಖ್ಯೆಯ ನಷ್ಟವಲ್ಲ: ಯಾರನ್ನೂ ನಂಬದವರೇ ಕರೆ ಕಡಿಯುತ್ತಾರೆ, ನಂಬುವವರು ಉಳಿಯುತ್ತಾರೆ. ಅಳೆಯಬೇಕಾದ ಗುಣವೇ ಉತ್ತರ ಕೊಡುವುದನ್ನು ತೀರ್ಮಾನಿಸುತ್ತಿದೆ. ಆಮೇಲೆ ಕೆಲವರ ಉತ್ತರಕ್ಕೆ ಹೆಚ್ಚು, ಕೆಲವರದಕ್ಕೆ ಕಡಿಮೆ ತೂಕ ಹಾಕಿ ಸರಿಪಡಿಸಲು ಆಗದ ದೋಷ ಇದು.

ಹೆಂಗಸರ ಮಾತೂ ಇದೆ. ಬಹಳ ಮನೆಗಳಲ್ಲಿ ಫೋನ್ ಒಂದೇ, ಅದು ಗಂಡಸಿನ ಜೇಬಿನಲ್ಲಿ. ಆನ್‌ಲೈನ್ ಸಮೀಕ್ಷೆಗಳಲ್ಲಿ ಇದು ಇನ್ನೂ ಜೋರು. ಎಡೆಲ್‌ಮನ್ ಟ್ರಸ್ಟ್ ಬ್ಯಾರೋಮೀಟರ್ ಎಂಬ ನಂಬಿಕೆಯ ಸಮೀಕ್ಷೆ 28 ದೇಶಗಳಲ್ಲಿ ಆನ್‌ಲೈನ್ ಕೇಳುತ್ತದೆ, ಭಾರತ ಅದರಲ್ಲಿ ಬಹುತೇಕ ಮೇಲಿನ ಸಾಲಿನಲ್ಲೇ ಇರುತ್ತದೆ. ‘ಭಾರತೀಯರ ನಂಬಿಕೆ ಹೆಚ್ಚು’ ಎಂದು ಸುದ್ದಿಯಾಗುತ್ತದೆ. ಅದು ಆನ್‌ಲೈನ್ ಪ್ರಶ್ನಾವಳಿ ತುಂಬುವ ಭಾರತೀಯರ ನಂಬಿಕೆ, ಅಷ್ಟೇ.

ಗಣಕಿ

ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವವರ ಬಗ್ಗೆ ಕರಾವಳಿಗ ಅವರು ಎತ್ತಿದ ಮಾತು ಮಾತ್ರ ಗಟ್ಟಿ. ಮುಖತಃ ಸಮೀಕ್ಷೆಯ ದೊಡ್ಡ ಕೊರತೆ ಅದೇ. ಹಳ್ಳಿಯಲ್ಲಿ ಜಗಲಿಗೆ ಹೊಸಬರು ಬಂದರೆ ಐದು ನಿಮಿಷದಲ್ಲಿ ಹತ್ತು ಜನ ಸೇರುತ್ತಾರೆ. ಅದರಲ್ಲಿ ಪಂಚಾಯಿತಿ ಸದಸ್ಯರೊಬ್ಬರಿದ್ದರೆ ‘ನಿಮ್ಮ ಪಂಚಾಯಿತಿಯನ್ನು ಎಷ್ಟು ನಂಬುತ್ತೀರಿ’ ಎಂಬ ಪ್ರಶ್ನೆಗೆ ಬರುವ ಉತ್ತರಕ್ಕೆ ಬೆಲೆಯಿಲ್ಲ. ಸೊಸೆಯನ್ನು ಕೇಳುವಾಗ ಅತ್ತೆ ಉತ್ತರಿಸುತ್ತಾರೆ, ಹೆಂಡತಿಯನ್ನು ಕೇಳುವಾಗ ಗಂಡ.

ಮಾಡಬೇಕಾದ್ದು: ತಂಡದಲ್ಲಿ ಇಬ್ಬರು, ಅವರಲ್ಲಿ ಒಬ್ಬರು ಹೆಂಗಸು ಇರಲೇಬೇಕು. ಒಬ್ಬರು ಸೇರಿದವರನ್ನು ಮಾತಿಗೆಳೆದು ಆಚೆ ಕೂರಿಸಿಕೊಂಡರೆ ಇನ್ನೊಬ್ಬರು ಒಳಗೆ ಕೇಳುತ್ತಾರೆ. ಪ್ರತಿ ಸಂದರ್ಶನದ ಕೊನೆಗೆ ಸಂದರ್ಶಕರೇ ತುಂಬುವ ಒಂದು ಸಾಲು: ‘ಕೇಳುವಾಗ ಹತ್ತಿರ ಯಾರಿದ್ದರು? ಯಾರೂ ಇಲ್ಲ / ಮನೆಯವರು / ನೆರೆಯವರು / ಪಂಚಾಯಿತಿ ಅಥವಾ ಪಕ್ಷದವರು’. ಕೊನೆಯಲ್ಲಿ ಒಬ್ಬರೇ ಇದ್ದವರ ಉತ್ತರ ಮತ್ತು ಗುಂಪಿನಲ್ಲಿದ್ದವರ ಉತ್ತರ ಬೇರೆ ಮಾಡಿ ನೋಡಿ. ಅಂತರ ದೊಡ್ಡದಿದ್ದರೆ ವರದಿಯಲ್ಲಿ ಹೇಳಲೇಬೇಕು. ಮತ ಯಾರಿಗೆ ಎಂಬ ಪ್ರಶ್ನೆಗೆ ಲೋಕನೀತಿಯವರು ಮಾದರಿ ಮತಪತ್ರ, ಪೆಟ್ಟಿಗೆ ಒಯ್ಯುತ್ತಾರೆ. ಉತ್ತರಿಸುವವರು ತಾವೇ ಗುರುತು ಹಾಕಿ ಮಡಚಿ ಪೆಟ್ಟಿಗೆಗೆ ಹಾಕುತ್ತಾರೆ. ನಂಬಿಕೆಯ ಪ್ರಶ್ನೆಗೂ ಈ ಉಪಾಯ ಹೊಂದುತ್ತದೆ: ತುಂಬಿದ ಲೋಟ, ಮುಕ್ಕಾಲು ಲೋಟ, ಕಾಲು ಲೋಟ, ಖಾಲಿ ಲೋಟ ಹೀಗೆ ನಾಲ್ಕು ಚಿತ್ರ.

ಪರಿಚಯದ ಮಾತೂ ಮುಖ್ಯ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್ ಕಂಡರೆ ಬಿಪಿಎಲ್ ಕಾರ್ಡ್ ರದ್ದು ಮಾಡಲು ಬಂದವರೋ ಎಂದು ಹೆದರುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಶುರುವಾದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆಮನೆಗೆ ಬಂದಿದ್ದ ನೆನಪು ಇನ್ನೂ ಹಸಿ, ಇದೂ ಅದೇ ಎಂದುಕೊಳ್ಳಬಹುದು. ಮೊದಲ ವಾಕ್ಯದಲ್ಲೇ ಹೇಳಿ: ‘ನಾವು ಸರ್ಕಾರದ ಕಡೆಯಿಂದ ಬಂದವರಲ್ಲ, ಯಾವ ಪಕ್ಷದವರೂ ಅಲ್ಲ. ನಿಮ್ಮ ಕಾರ್ಡಿಗೂ ಇದಕ್ಕೂ ಸಂಬಂಧವಿಲ್ಲ. ಬೇಡ ಅನ್ನಿಸಿದರೆ ಯಾವ ಪ್ರಶ್ನೆಗೂ ಉತ್ತರ ಕೊಡಬೇಕಿಲ್ಲ.’ ಆಧಾರ್, ರೇಷನ್ ಕಾರ್ಡ್ ಸಂಖ್ಯೆ ಕೇಳಲೇಬೇಡಿ. ಹೆಸರಿರುವ ಹಾಳೆ ಬೇರೆ, ಉತ್ತರದ ಹಾಳೆ ಬೇರೆ ಇರಲಿ.

ಸಮಭಾಜಕ

ಅಳತೆಗೋಲಿನ ಬಗ್ಗೆ. ನಾಲ್ಕು ಪದಗಳ ಬದಲು 0ರಿಂದ 10ರ ಅಳತೆ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. ಬಹುತೇಕ ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಕೂಟವಾದ ಒಇಸಿಡಿ 2023ರಲ್ಲಿ 30 ದೇಶಗಳಲ್ಲಿ ಹಾಗೆಯೇ ಕೇಳಿತು. ರಾಷ್ಟ್ರೀಯ ಸರ್ಕಾರದ ಮೇಲೆ ಹೆಚ್ಚು ಅಥವಾ ಸಾಕಷ್ಟು ನಂಬಿಕೆ ಎಂದವರು ಶೇ 39, ಕಡಿಮೆ ಅಥವಾ ಇಲ್ಲ ಎಂದವರು ಶೇ 44. ಸರಿಯಾಗಿ ಮಧ್ಯದ 5 ಎಂದವರು ಯಾವ ಕಡೆಗೂ ಸೇರದೆ ಬೇರೆಯಾಗಿ ನಿಲ್ಲುತ್ತಾರೆ. ನಾಲ್ಕು ಪದಗಳ ಅಳತೆಯಲ್ಲಿ ಈ ಜನರನ್ನು ಬಲವಂತವಾಗಿ ಒಂದು ಕಡೆಗೆ ನೂಕಿದಂತಾಗುತ್ತದೆ.

ಅದೇ ಸಮೀಕ್ಷೆಯ ಇನ್ನೊಂದು ಸಂಗತಿ ನಿಮ್ಮ ಪ್ರಶ್ನಾವಳಿಗೆ ಬೇಕೇ ಬೇಕು. ಸರ್ಕಾರದ ತೀರ್ಮಾನಗಳಲ್ಲಿ ತಮ್ಮ ಮಾತಿಗೂ ಬೆಲೆಯಿದೆ ಎನ್ನುವವರಲ್ಲಿ ಶೇ 69 ಮಂದಿ ಸರ್ಕಾರವನ್ನು ನಂಬುತ್ತಾರೆ, ಬೆಲೆಯಿಲ್ಲ ಎನ್ನುವವರಲ್ಲಿ ಶೇ 22 ಮಾತ್ರ. ಸೌಲಭ್ಯ ಸಿಕ್ಕಿತೇ ಎಂದಷ್ಟೇ ಕೇಳಿದರೆ ಈ ಅರ್ಧ ಕೈತಪ್ಪುತ್ತದೆ. ‘ಗ್ರಾಮಸಭೆಯಲ್ಲಿ ನಿಮ್ಮಂಥವರ ಮಾತನ್ನು ಕೇಳುತ್ತಾರೆಯೇ’ ಎಂದು ಸೇರಿಸಿ.

ನುಡಿಗಟ್ಟು

ಸಮಭಾಜಕ ಅವರೇ, ಎರಡನೇ ಮಾತಿಗೆ ಪೂರ್ತಿ ಒಪ್ಪಿಗೆ. ಮೊದಲನೆಯದಕ್ಕೆ ಇಲ್ಲ. ನಮ್ಮಲ್ಲಿ ಹತ್ತಕ್ಕೆ ಎಷ್ಟು ಎಂದರೆ ಪರೀಕ್ಷೆಯ ಅಂಕ. ನೂರಕ್ಕೆ 35 ಪಾಸು ಎಂದು ಬೆಳೆದವರು ‘ಹತ್ತಕ್ಕೆ ನಾಲ್ಕು’ ಎಂದರೆ ಸರ್ಕಾರವನ್ನು ಪಾಸು ಮಾಡಿದ್ದಾರೆ, ನೀವು ಅದನ್ನು ಅಪನಂಬಿಕೆಯ ಕಡೆ ಎಣಿಸುತ್ತೀರಿ. ಶಾಲೆಗೆ ಹೋಗದವರಿಗೆ ಹನ್ನೊಂದು ಅಂಕಗಳ ನಡುವಿನ ಅಂತರವೇ ಅರ್ಥವಾಗದೆ 0, 5, 10 ಮೂರರಲ್ಲೇ ಉತ್ತರ ಬಂದು ಬೀಳುವ ಸಂಭವ ಹೆಚ್ಚು.

ಹೋಲಿಕೆಗೂ ಎಚ್ಚರ ಬೇಕು. ಅಮೆರಿಕದಲ್ಲಿ 1958ರಿಂದ ಕೇಳುತ್ತಿರುವ ಪ್ರಶ್ನೆ ‘ವಾಷಿಂಗ್ಟನ್‌ನ ಸರ್ಕಾರ ಸರಿಯಾದದ್ದನ್ನು ಮಾಡುತ್ತದೆ ಎಂದು ಎಷ್ಟು ಸಲ ನಂಬಬಹುದು’ ಎಂಬುದು. ಹೆಚ್ಚುಕಡಿಮೆ ಯಾವಾಗಲೂ, ಬಹಳಷ್ಟು ಸಲ, ಕೆಲವೊಮ್ಮೆ ಮಾತ್ರ ಎಂಬ ಮೂರೇ ಆಯ್ಕೆ ಓದುತ್ತಿದ್ದರು. ಮೊದಲೆರಡನ್ನು ಕೂಡಿಸಿದಾಗ 1958ರಲ್ಲಿ ಮುಕ್ಕಾಲು ಪಾಲಿನ ಹತ್ತಿರ, 1964ರಲ್ಲಿ ಶೇ 77, ಪ್ಯೂ ಸಂಸ್ಥೆಯ 2024ರ ಅಂಕಿಯಲ್ಲಿ ಶೇ 22. ಈ ಇಳಿತದ ಕಥೆ ಹೇಳಲು ಸಾಧ್ಯವಾಗಿರುವುದು ಅರವತ್ತು ವರ್ಷ ವಾಕ್ಯ ಬದಲಿಸದೆ ಕೇಳಿದ್ದರಿಂದ. ಅಲ್ಲಿನ 22ನ್ನು ನಮ್ಮ ನಾಲ್ಕು ಪದಗಳ ಅಳತೆಯ ಅಂಕಿಯ ಪಕ್ಕದಲ್ಲಿಟ್ಟು ‘ನಾವೇ ಮೇಲು’ ಎನ್ನಲಾಗದು. ಅವರು ಎಷ್ಟು ಸಲ ಎಂದು ಕೇಳುತ್ತಾರೆ, ನಾವು ಎಷ್ಟರಮಟ್ಟಿಗೆ ಎಂದು.

ಸಮಭಾಜಕ

ಪಾಸ್ ಮಾರ್ಕಿನ ಮಾತು ಒಪ್ಪಿದೆ. ನಂಬಿಕೆಗೆ ನಾಲ್ಕು ಪದವೇ ಇರಲಿ. ಆದರೆ ಮುಂದಿನ ದಿನಗಳ ಪ್ರಶ್ನೆಗೆ 0ರಿಂದ 10ರ ಏಣಿ ಬಿಡಬೇಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ ರೂಪಿಸಿದ್ದು, ಈಗ ಗ್ಯಾಲಪ್‌ನವರ ಜಾಗತಿಕ ಸಮೀಕ್ಷೆಯಲ್ಲಿ ಬಳಕೆಯಲ್ಲಿದೆ. ಏಣಿಯ ಚಿತ್ರ ತೋರಿಸಬೇಕು, ಬಾಯಲ್ಲಿ ಹೇಳಿದರೆ ಮತ್ತೆ ಅಂಕವಾಗುತ್ತದೆ. ತುತ್ತತುದಿಯ ಮೆಟ್ಟಿಲು ನಿಮ್ಮ ಪಾಲಿಗೆ ಅತ್ಯಂತ ಒಳ್ಳೆಯ ಬದುಕು, ಕೆಳಗೆ ನೆಲ ಎಂದರೆ ಅತ್ಯಂತ ಕೆಟ್ಟ ಬದುಕು. ಈಗ ಯಾವ ಮೆಟ್ಟಿಲಲ್ಲಿದ್ದೀರಿ, ಬೆರಳಿಟ್ಟು ತೋರಿಸಿ. ಇನ್ನು ಐದು ವರ್ಷಕ್ಕೆ ಯಾವ ಮೆಟ್ಟಿಲಲ್ಲಿ ಇರುತ್ತೀರಿ ಎಂದು ನಿಮಗನ್ನಿಸುತ್ತದೆ? ಗ್ಯಾಲಪ್‌ನವರು ಈಗ 7 ಅಥವಾ ಮೇಲೆ, ಮುಂದೆ 8 ಅಥವಾ ಮೇಲೆ ಎಂದವರನ್ನು ಏಳಿಗೆಯಲ್ಲಿರುವವರು ಎಂದೂ, ಎರಡೂ 4 ಅಥವಾ ಕೆಳಗೆ ಎಂದವರನ್ನು ಬವಣೆಯಲ್ಲಿರುವವರು ಎಂದೂ ವಿಂಗಡಿಸುತ್ತಾರೆ. ನಿಮಗೆ ಅದಕ್ಕಿಂತ ಉಪಯೋಗದ್ದು ಎರಡು ಮೆಟ್ಟಿಲುಗಳ ನಡುವಿನ ವ್ಯತ್ಯಾಸ: ಏರುತ್ತೇನೆ ಎಂದವರೆಷ್ಟು, ಇಳಿಯುತ್ತೇನೆ ಎಂದವರೆಷ್ಟು.

ಈಗಿನ ಸ್ಥಿತಿ ಮತ್ತು ಮುಂದಿನ ನಿರೀಕ್ಷೆ ಎರಡೂ ಬೇರೆ ಎಂಬುದಕ್ಕೆ ರಿಸರ್ವ್ ಬ್ಯಾಂಕಿನ ಗ್ರಾಹಕ ವಿಶ್ವಾಸ ಸಮೀಕ್ಷೆ ನೋಡಿ. ಎರಡು ತಿಂಗಳಿಗೊಮ್ಮೆ, ಬೆಂಗಳೂರೂ ಸೇರಿ 19 ನಗರಗಳಲ್ಲಿ ಸುಮಾರು 6,000 ಜನರನ್ನು ಕೇಳುತ್ತಾರೆ: ಆರ್ಥಿಕ ಪರಿಸ್ಥಿತಿ, ಉದ್ಯೋಗ, ಬೆಲೆ, ಆದಾಯ, ಖರ್ಚು. ಪ್ರತಿಯೊಂದಕ್ಕೂ ಸುಧಾರಿಸಿದೆ ಎಂದವರ ಶೇಕಡಾದಿಂದ ಹದಗೆಟ್ಟಿದೆ ಎಂದವರ ಶೇಕಡಾ ಕಳೆದು, ಐದರ ಸರಾಸರಿ ತೆಗೆದು, 100 ಕೂಡಿಸುತ್ತಾರೆ. 100 ಎಂದರೆ ಸಮಸಮ. 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯ ಹೊತ್ತಿನಲ್ಲಿ, ಈಗಿನ ಸ್ಥಿತಿಯ ಸೂಚ್ಯಂಕ 48.5ಕ್ಕೆ ಕುಸಿದಿತ್ತು. ಒಂದು ವರ್ಷ ಮುಂದಿನ ನಿರೀಕ್ಷೆಯ ಸೂಚ್ಯಂಕ ಅದೇ ಸುತ್ತಿನಲ್ಲಿ 96.4. ಎರಡನ್ನೂ ‘ಜನರ ವಿಶ್ವಾಸ’ ಎಂದು ಒಂದೇ ಅಂಕಿ ಮಾಡಿದ್ದರೆ ಆಸ್ಪತ್ರೆ ಬಾಗಿಲಲ್ಲಿ ನಿಂತಿದ್ದ ಜನರ ಮನಸ್ಸು ಕಾಣುತ್ತಲೇ ಇರಲಿಲ್ಲ.

ಭೀಮಾತೀರ

ಮಕ್ಕಳ ಬಗೆಗಿನ ಪ್ರಶ್ನೆ ನಮ್ಮ ಜನರಿಗೆ ಹೀಗೆ ಕೇಳುವಂಥದ್ದೇ ಅಲ್ಲ. ‘ನಿಮ್ಮ ಮಕ್ಕಳ ಬದುಕು ಇನ್ನೂ ಕೆಡುತ್ತದೆಯೇ’ ಎಂದು ಬಾಯಿ ತೆರೆದರೆ ‘ಬಿಡ್ತು ಅನ್ರಿ’ ಎನ್ನುತ್ತಾರೆ. ತಾಯಿ ತನ್ನ ಮಗುವಿಗೆ ಅಶುಭ ನುಡಿಯುವುದಿಲ್ಲ. ಅಲ್ಲಿ ಬರುವ ‘ಚಲೋ ಆಗತದ’ ಅಂದಾಜಲ್ಲ, ಹಾರೈಕೆ. ಅದಕ್ಕೇ ಮಕ್ಕಳನ್ನು ದೂರ ಇಟ್ಟು ಕೇಳಿ: ‘ಈ ಊರಿನ ಸಾಲಿಗೆ ಈಗ ಹೋಗುತ್ತಿರುವ ಹುಡುಗರು ದೊಡ್ಡವರಾದ ಮೇಲೆ ಅವರ ಬದುಕು ಈಗಿನ ದೊಡ್ಡವರಿಗಿಂತ ಚಲೋ ಇರತದೋ, ಹೀಂಗೇ ಇರತದೋ, ಕೆಡತದೋ?’

ಇನ್ನೊಂದು ಉತ್ತರ ‘ದೇವರು ಇಟ್ಟಂಗ’. ಇದನ್ನು ‘ಗೊತ್ತಿಲ್ಲ’ಕ್ಕೆ ಸೇರಿಸುವುದು ತಪ್ಪು. ಮಳೆ ನಂಬಿ ತೊಗರಿ ಹಾಕಿದವರು ಮುಂದಿನ ವರ್ಷದ ಬಗ್ಗೆ ಹೇಳಬಹುದಾದ ನಿಜವಾದ ಮಾತು ಅದೇ ಇರಬಹುದು. ಅದಕ್ಕೆ ಬೇರೆ ಸಂಕೇತ ಸಂಖ್ಯೆ ಕೊಡಿ. ಸುಗ್ಗಿಯ ಹೊತ್ತಿಗೂ, ಮಳೆ ಕೈಕೊಟ್ಟ ಆಗಸ್ಟಿಗೂ ಉತ್ತರ ಬೇರೆ ಬರುತ್ತದೆ, ಆದ್ದರಿಂದ ಎರಡು ವರ್ಷವೂ ಒಂದೇ ತಿಂಗಳಲ್ಲಿ ಕೇಳಬೇಕು.

ಎಣಿಕೆ

ಕ್ರಮ ಮತ್ತು ಲೆಕ್ಕದ ಉಳಿದ ಮಾತುಗಳು.

ಯೋಜನೆಯ ಪ್ರಶ್ನೆ ಮೊದಲಿಟ್ಟಿದ್ದೀರಿ. ‘ದುಡ್ಡು ಬಂತೇ’ ಎಂದು ಕೇಳಿದ ಮರುಗಳಿಗೆಯಲ್ಲಿ ‘ಸರ್ಕಾರವನ್ನು ನಂಬುತ್ತೀರಾ’ ಎಂದರೆ ಬಂದವರು ಕೃತಜ್ಞತೆಯಿಂದಲೂ ಕಂತು ತಪ್ಪಿದವರು ಸಿಟ್ಟಿನಿಂದಲೂ ಉತ್ತರಿಸುತ್ತಾರೆ. ಮೊದಲು ಏಣಿ, ಆಮೇಲೆ ನಂಬಿಕೆ, ಆಮೇಲೆ ಯೋಜನೆ, ಕೊನೆಗೆ ಮತ ಯಾರಿಗೆ ಹಾಕಿದಿರಿ ಎಂಬುದು ಮತ್ತು ಜಾತಿ. ಮತದ ಪ್ರಶ್ನೆ ಬಿಡುವಂತಿಲ್ಲ, ಏಕೆಂದರೆ ತಮ್ಮ ಪಕ್ಷ ಅಧಿಕಾರದಲ್ಲಿದ್ದಾಗ ನಂಬಿಕೆ ಏರುತ್ತದೆ, ಇಳಿದಾಗ ಇಳಿಯುತ್ತದೆ. ಕೇಂದ್ರದಲ್ಲಿ ಒಂದು ಪಕ್ಷ, ರಾಜ್ಯದಲ್ಲಿ ಇನ್ನೊಂದು ಇರುವಾಗ ಒಬ್ಬರೇ ಎರಡು ಸರ್ಕಾರಗಳಿಗೆ ಎರಡು ಉತ್ತರ ಕೊಡುತ್ತಾರೆ. ಅದು ಗೊಂದಲವಲ್ಲ, ಅದೇ ಮಾಹಿತಿ.

ತೂಕ: ನಾಲ್ಕು ವಿಭಾಗಕ್ಕೂ ಸಮನಾಗಿ 300 ಹಂಚಿದ್ದೀರಿ, ಮತದಾರರು ಸಮನಾಗಿಲ್ಲ. ಒಂದು ವಿಭಾಗದಲ್ಲಿ ರಾಜ್ಯದ ಶೇ 30 ಮತದಾರರಿದ್ದು ಮಾದರಿಯಲ್ಲಿ ಶೇ 25 ಇದ್ದರೆ ಅಲ್ಲಿಯ ಪ್ರತಿ ಉತ್ತರಕ್ಕೆ 1.2 ತೂಕ. ಆಮೇಲೆ ಗಂಡು-ಹೆಣ್ಣು, ವಯಸ್ಸು, ಹಳ್ಳಿ-ಪಟ್ಟಣ. ವಿಭಾಗ, ಲಿಂಗಗಳಿಗೆ ಮತದಾರರ ಪಟ್ಟಿಯ ಅಂಕಿಗಳೇ ಸಾಕು, 2011ರ ಜನಗಣತಿ ತೀರಾ ಹಳತು. ಯಾರಿಗಾದರೂ 3ಕ್ಕಿಂತ ಹೆಚ್ಚು ತೂಕ ಬೀಳುತ್ತಿದ್ದರೆ ತೂಕವನ್ನು ನಂಬಬೇಡಿ, ಆ ಗುಂಪಿಗೆ ಮತ್ತೆ ಹೋಗಿ.

‘ಗೊತ್ತಿಲ್ಲ’ ಎಂದವರನ್ನು ತೆಗೆದುಹಾಕಿ ಉಳಿದವರನ್ನು ನೂರಾಗಿಸುವ ಚಾಳಿ ಬೇಡ. ನಂಬುತ್ತೇನೆ 45, ಇಲ್ಲ 35, ಗೊತ್ತಿಲ್ಲ 20 ಬಂದಾಗ ಆ ಇಪ್ಪತ್ತನ್ನು ಎಸೆದರೆ 45 ಎಂಬುದು 56 ಆಗುತ್ತದೆ, ಬಹುಮತವಲ್ಲದ್ದು ಬಹುಮತವಾಗಿ ಅಚ್ಚಾಗುತ್ತದೆ. ಆ ಇಪ್ಪತ್ತರಲ್ಲಿ ಹೆಂಗಸರು, ಓದು ಕಡಿಮೆ ಇರುವವರೇ ಹೆಚ್ಚಿರುತ್ತಾರೆ. ಅವರನ್ನು ಹಾಳೆಯಿಂದ ಅಳಿಸುವುದು ಅನ್ಯಾಯ.

ಮುಂದಿನ ವರ್ಷದ ಹೋಲಿಕೆಗೆ ಎರಡೂ ಸುತ್ತಿನ ದೋಷ ಸೇರುತ್ತದೆ. ±3.5 ಇದ್ದರೆ ವ್ಯತ್ಯಾಸಕ್ಕೆ ಸುಮಾರು ±5. ಅದೇ 100 ಮತಗಟ್ಟೆಗಳನ್ನು ಉಳಿಸಿಕೊಂಡು ಹೆಸರುಗಳನ್ನು ಮಾತ್ರ ಹೊಸದಾಗಿ ಎತ್ತಿದರೆ ಇದು ಸ್ವಲ್ಪ ತಗ್ಗುತ್ತದೆ. 52 ಇದ್ದದ್ದು 49 ಆದರೆ ‘ನಂಬಿಕೆ ಕುಸಿತ’ ಎಂಬ ತಲೆಬರಹ ಕೊಡಬೇಡಿ.

ಕಣಜ

ಎಲ್ಲರಿಗೂ ಕೃತಜ್ಞತೆಗಳು. ತಿದ್ದಿದ ಕರಡು: 100 ಮತಗಟ್ಟೆ, ತಲಾ 20 ಹೆಸರು, ಪರ್ಯಾಯ ಇಲ್ಲ, ಮೂರು ಭೇಟಿ. ಮೊದಲು ಏಣಿಯ ಎರಡು ಪ್ರಶ್ನೆ, ನಂತರ ಊರಿನ ಶಾಲಾ ಮಕ್ಕಳ ಪ್ರಶ್ನೆ. ನಂಬಿಕೆಯ ಪ್ರಶ್ನೆ ಕೇಂದ್ರ, ರಾಜ್ಯ, ಪಂಚಾಯಿತಿ ಅಥವಾ ನಗರಸಭೆಗೆ ಬೇರೆಬೇರೆಯಾಗಿ, ಲೋಟದ ಚಿತ್ರದೊಂದಿಗೆ. ಈ ಮೂರರ ಕ್ರಮವನ್ನು ಪ್ರತಿ ಸಂದರ್ಶನಕ್ಕೂ ಬದಲಿಸುವುದು. ಗ್ರಾಮಸಭೆಯ ಪ್ರಶ್ನೆ, ಹೆಸರು ಹೇಳಿ ಯೋಜನೆಗಳು, ಕೊನೆಗೆ ಮತ. ಉಳಿದಿರುವ ಅನುಮಾನ ಒಂದೇ: ‘ಸ್ವಲ್ಪಮಟ್ಟಿಗೆ’ ಇರಬೇಕೋ ‘ತಕ್ಕಮಟ್ಟಿಗೆ’ ಇರಬೇಕೋ?

ನುಡಿಗಟ್ಟು

ವಾದ ಮಾಡಿ ತೀರ್ಮಾನಿಸುವ ವಿಷಯ ಅಲ್ಲ ಅದು, ಕೇಳಿ ತೀರ್ಮಾನಿಸಬೇಕು. ಮೊದಲು 40 ಜನರ ಪ್ರಾಯೋಗಿಕ ಸುತ್ತು, ನಾಲ್ಕೂ ವಿಭಾಗದಲ್ಲಿ ಹತ್ತತ್ತು. ಉತ್ತರ ಬಂದ ಕೂಡಲೇ ‘ಹಾಗೆಂದರೆ ಏನು ಮನಸ್ಸಿನಲ್ಲಿತ್ತು’ ಎಂದು ಕೇಳಿ ಅವರ ಮಾತನ್ನೇ ಬರೆದುಕೊಳ್ಳಿ. ‘ತಕ್ಕಮಟ್ಟಿಗೆ’ ಹಲವರಿಗೆ ಪುಸ್ತಕದ ಪದ ಅನ್ನಿಸಿದರೆ ‘ಒಂದು ಮಟ್ಟಿಗೆ’ ಎಂಬುದನ್ನೂ ನೋಡಿ.

ಎಣಿಕೆ

ಅದಾದ ಮೇಲೂ ಎರಡು ಪದ ಉಳಿದರೆ ಮೊದಲ ವರ್ಷದಲ್ಲೇ ಮಾದರಿಯನ್ನು ಎರಡು ಮಾಡಿ: ಪ್ರತಿ ಮತಗಟ್ಟೆಯಲ್ಲೂ ಬೆಸ ಕ್ರಮಾಂಕದ ಸಂದರ್ಶನಕ್ಕೆ ಒಂದು ಪದ, ಸಮ ಕ್ರಮಾಂಕಕ್ಕೆ ಇನ್ನೊಂದು, 600-600. ಒಂದೇ ಊರಿನೊಳಗೆ ಹಂಚಿರುವುದರಿಂದ ಊರಿನ ಹೋಲಿಕೆಯ ತೊಂದರೆ ಬಹುಪಾಲು ಕಳೆದುಹೋಗುತ್ತದೆ. ಎರಡರ ನಡುವೆ 6 ಅಂಶಕ್ಕಿಂತ ಹೆಚ್ಚು ಅಂತರ ಬಂದರೆ ಪದವೇ ಉತ್ತರವನ್ನು ಬದಲಿಸುತ್ತಿದೆ ಎಂದು ತಿಳಿಯಿರಿ. ಮುಂದಿನ ವರ್ಷಕ್ಕೆ ಒಂದನ್ನು ಆರಿಸಿ, ಆಮೇಲೆ ಅದನ್ನು ಮುಟ್ಟಬೇಡಿ.

ಗಣಕಿ

ದಿನಾಂಕ ಗೊತ್ತು ಮಾಡುವಾಗ ಚುನಾವಣಾ ವೇಳಾಪಟ್ಟಿ ನೋಡಿಕೊಳ್ಳಿ. ವಿಧಾನಸಭೆ, ಲೋಕಸಭೆ ಚುನಾವಣೆ ಇದ್ದರೆ ಮತದಾನ ಮುಗಿಯುವ ಹಿಂದಿನ 48 ಗಂಟೆಗಳಲ್ಲಿ ಜನಾಭಿಪ್ರಾಯ ಸಮೀಕ್ಷೆಯ ಫಲಿತಾಂಶವನ್ನು ಟಿವಿ ಮುಂತಾದ ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಹಾಕುವಂತಿಲ್ಲ, 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 126ನೇ ಕಲಂ. ಪಂಚಾಯಿತಿ ಚುನಾವಣೆ ಹತ್ತಿರವಿದ್ದರೆ ಕ್ಷೇತ್ರಕಾರ್ಯವನ್ನೇ ಮುಂದಕ್ಕೆ ಹಾಕಿ, ಆಗ ಜಗಲಿಗೆ ಬಂದವರೆಲ್ಲ ಯಾರದೋ ಕಡೆಯವರಾಗಿಯೇ ಕಾಣುತ್ತಾರೆ. ವರದಿ ಹೊರಬಂದಾಗ ಪ್ರಶ್ನೆಯ ಪೂರ್ತಿ ಕನ್ನಡ ವಾಕ್ಯ, ಕೇಳಿದ ತಾರೀಖು, ಎತ್ತಿದ ಹೆಸರೆಷ್ಟು, ಸಿಕ್ಕವರೆಷ್ಟು, ಒಲ್ಲೆ ಎಂದವರೆಷ್ಟು, ತೂಕ ಹಾಕುವ ಮೊದಲಿನ ಅಂಕಿ ಇವಿಷ್ಟೂ ಮೊದಲ ಪುಟದಲ್ಲೇ ಇರಲಿ. ಈ ಲೋಟದ ಚಿತ್ರಗಳನ್ನು ಬರೆಸಿದ ಮೇಲೆ ಇಲ್ಲಿ ಹಾಕಿ. ಮುಕ್ಕಾಲು ಮತ್ತು ಕಾಲು ದೂರದಿಂದ ಬೇರೆಬೇರೆಯಾಗಿ ಕಾಣುತ್ತವೆಯೇ ಎಂದು ನೋಡಬೇಕು.